ಗಾಳಿಯಂತ್ರದ ಮಾಡೆಲ್ ತಿರಗತೈತಿ, ಎಲ್‌ಇಡಿ ಹತ್ತವಲ್ದು

ಪ್ರಶ್ನೆ (ವಿಜ್ಞಾನ ಟೀಚರ್, ಗದಗ ಕಡೆ):
ನಮಸ್ಕಾರ ಸರ್ರ. ಎಂಟನೇ ಕ್ಲಾಸ್ ಹುಡುಗ್ರ ಕೂಡ ಗಾಳಿಯಂತ್ರದ ಮಾಡೆಲ್ ಮಾಡೀವ್ರಿ, ಆಟಿಕೆ ಕಾರಿನ ಡಿಸಿ ಮೋಟ್ರು, ರಟ್ಟಿನ ಮೂರು ರೆಕ್ಕಿ, ಒಂದೊಂದು 15 ಸೆಂಟಿಮೀಟರ್. ಟೇಬಲ್ ಫ್ಯಾನ್ ಮುಂದ ಇಟ್ರ ಭರ್ರನ ತಿರಗತೈತಿ ಆದ್ರ ಬಿಳಿ ಎಲ್‌ಇಡಿ ಹತ್ತವಲ್ದು, ವೈರ್ ಉಲ್ಟಾ ಕೊಟ್ಟೂ ನೋಡಿದ್ವಿ. ಗಾಳಿ ಸಾಲವಲ್ದೇನ್ರಿ? ಮತ್ತ ಒಬ್ಬಾಕಿ ಹುಡುಗಿ ಕೇಳ್ಯಾಳ, ಕಪ್ಪತಗುಡ್ಡದ ಮ್ಯಾಲಿನ ಫ್ಯಾನು ಅಷ್ಟು ಸಾವಕಾಶ ತಿರಗಿ ಕರೆಂಟ್ ಹೆಂಗ ಕೊಡ್ತಾವು ಅಂತ.

ಉತ್ತರ (ವಿಂಡ್ ಟರ್ಬೈನ್ ಸರ್ವೀಸ್ ಇಂಜಿನಿಯರ್, ಚಿತ್ರದುರ್ಗ):
ಮೇಡಂ, ಗಾಳಿ ಸಾಕು, ಸಾಲದೇ ಇರೋದು ಮೋಟ್ರಿನ ಸ್ಪೀಡು. ನಿಮ್ಮ ರೆಕ್ಕೆ ಸುತ್ತೋ ಜಾಗ ಸುಮಾರು 0.07 ಚದರ ಮೀಟರ್, ಗಾಳಿ ಸೆಕೆಂಡಿಗೆ 4 ಮೀಟರ್ ಅಂದ್ಕೊಂಡ್ರೆ ಅದರಲ್ಲಿ 2.7 ವ್ಯಾಟ್ ಇರುತ್ತೆ, ಹತ್ತರಲ್ಲಿ ಒಂದು ಪಾಲು ಸಿಕ್ಕಿದ್ರೂ ಎಲ್‌ಇಡಿಗೆ ಧಾರಾಳ. ಆದ್ರೆ ಆ ಮೋಟ್ರು 3 ವೋಲ್ಟಿಗೆ ಹೆಚ್ಚುಕಮ್ಮಿ 10,000 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಓಡೋ ಜಾತಿ, ನೀವು 600ರಲ್ಲಿ ತಿರುಗಿಸಿದ್ರೆ ಬರೋದು 0.2 ವೋಲ್ಟ್ ಕೂಡ ಇಲ್ಲ, ಮಲ್ಟಿಮೀಟರ್ ಹಿಡಿದು ನೋಡಿ. ಕೆಂಪು ಎಲ್‌ಇಡಿಗೆ 1.8 ಬೇಕು, ಬಿಳಿಗೆ 3ರ ಹತ್ತಿರ.

ಆ ಹುಡುಗಿ ಕೇಳಿದ್ದೂ ಇದೇ ವಿಷಯ, ಭಾಳ ಚೆನ್ನಾಗಿ ಕೇಳಿದಾಳೆ. ದೊಡ್ಡ ಮಷೀನಿನ ರೆಕ್ಕೆ ನಿಮಿಷಕ್ಕೆ 15-20 ಸುತ್ತು ಅಷ್ಟೆ, ಒಳಗಿರೋ ಗೇರ್‌ಬಾಕ್ಸ್ ಅದನ್ನ 1,500ರ ಸುಮಾರಿಗೆ ಏರಿಸಿ ಜನರೇಟರಿಗೆ ಕೊಡುತ್ತೆ (ಗೇರ್‌ಬಾಕ್ಸ್ ಇಲ್ದೆ ಇರೋವೂ ಇದಾವೆ, ಅವುಗಳಲ್ಲಿ ಜನರೇಟರೇ ದೊಡ್ಡದು). ಸಾವಕಾಶ ಅನ್ನೋದು ದೂರದಿಂದ ಕಾಣೋದು ಮಾತ್ರ, 40 ಮೀಟರ್ ರೆಕ್ಕೆ 18 ಸುತ್ತು ಹಾಕಿದ್ರೆ ತುದಿ ಗಂಟೆಗೆ 270 ಕಿಲೋಮೀಟರ್ ಓಡ್ತಿರುತ್ತೆ!

ನೀವು ಗುಜರಿಯಿಂದ ಹಳೇ ಪ್ರಿಂಟರಿನ ಸ್ಟೆಪ್ಪರ್ ಮೋಟ್ರು (ಹೆಜ್ಜೆ ಹೆಜ್ಜೆಯಾಗಿ ತಿರುಗೋ ಜಾತಿ) ತನ್ನಿ, ಅದು ಸಾವಕಾಶ ತಿರುಗಿದ್ರೂ ಸಾಕಷ್ಟು ವೋಲ್ಟ್ ಕೊಡುತ್ತೆ, ಕೈಯಲ್ಲಿ ತಿರುವಿದ್ರೂ ಎಲ್‌ಇಡಿ ಮಿಣುಕುತ್ತೆ. ಅದರ ವೈರ್‌ಗಳಲ್ಲಿ ಯಾವ ಎರಡು ಒಂದೇ ಸುರುಳಿಯ ಜೋಡಿ ಅಂತ ಗೊತ್ತಾಗ್ಬೇಕಾದ್ರೆ ಎರಡೆರಡು ತುದಿ ಮುಟ್ಟಿಸಿ ಶಾಫ್ಟ್ ತಿರುಗಿಸಿ, ಬಿಗಿ ಆದ್ರೆ ಅದೇ ಜೋಡಿ. ಇದನ್ನ ಒಬ್ಬೊಬ್ಬ ಮಗುವಿನ ಕೈಲೂ ಮಾಡಿಸಿ ಮೇಡಂ, ಯಂತ್ರದಿಂದ ಕರೆಂಟ್ ಎಳೆದುಕೊಂಡ್ರೆ ಅದಕ್ಕೆ ಭಾರ ಬೀಳುತ್ತೆ ಅನ್ನೋದು ಬೆರಳಿಗೇ ತಿಳಿಯುತ್ತೆ.

ಇನ್ನೊಬ್ಬರು: ರೆಕ್ಕೆ ಎಷ್ಟು ಡಿಗ್ರಿ ಓರೆ ಇರ್ಬೇಕು ಸರ್? ನಮ್ಮ ಮಕ್ಕಳು 45 ಇಟ್ಟಿದ್ರು.

ಉತ್ತರ: ರೆಕ್ಕೆ ಸುತ್ತೋ ತಟ್ಟೆಯಿಂದ ಅಳೆದ್ರೆ 45 ಜಾಸ್ತಿ ಆಯ್ತು. ಬೇಗ ಶುರುವಾಗುತ್ತೆ, ಆಮೇಲೆ ಸ್ಪೀಡ್ ಏರಲ್ಲ, ಯಾಕಂದ್ರೆ ರೆಕ್ಕೆ ಓಡ್ತಾ ಓಡ್ತಾ ಅದಕ್ಕೆ ಗಾಳಿ ಎದುರಿಂದ ಬಂದಂಗೆ ಆಗುತ್ತೆ. ಕೋನಮಾಪಕ ಇಟ್ಟು 10, 20, 30 ಮಾಡಿ ವೋಲ್ಟ್ ಬರೆದುಕೊಳ್ಳಲಿ, ಆಗ ಬೇರೇನೂ ಬದಲಾಯಿಸಬೇಡಿ. ತಿರುಗೋವಾಗ ರೆಕ್ಕೆಯ ನೇರಕ್ಕೆ ಪಕ್ಕದಲ್ಲಿ ಯಾರೂ ನಿಲ್ಲಬಾರದು, ಕಿತ್ತು ಹಾರಿದ್ರೆ ಆ ಕಡೆಗೇ ಬರುತ್ತೆ.

ಟೀಚರ್: ಹತ್ತಿತ್ರಿ ಸರ್ರ! ಸ್ಟೆಪ್ಪರ್ ಮೋಟ್ರಿಗೆ ಕೆಂಪು ಎಲ್‌ಇಡಿ ಹಾಕಿದ್ವಿ. 30ರಾಗ ತಾನ ಸುರು ಆಗತೈತಿ, 15ಕ್ಕ ಇಟ್ರ ಒಮ್ಮೆ ಕೈಲೆ ನೂಕಬೇಕು ಆದ್ರ ಬೆಳಕು ಜಾಸ್ತಿ. ಆ ಹುಡುಗಿ ಈಗ ಬುಡದಾಗ ಒಂದು, ತುದ್ಯಾಗ ಒಂದು ಓರೆ ಕೊಟ್ಟು ರೆಕ್ಕಿ ತಿರುವಿದ್ರ ಹೆಂಗ ಅಂತ ಕುಂತಾಳ.

ಉತ್ತರ: ಬುಡದಲ್ಲಿ ಜಾಸ್ತಿ, ತುದಿಯಲ್ಲಿ ಕಮ್ಮಿ ಕೊಡೋಕೆ ಹೇಳಿ. ನಮ್ಮ ರೆಕ್ಕೆಗಳೂ ಹಂಗೇ ಇರೋದು.