ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರ್ತಾ ಇದೆ, ಓಡಿಸಬಹುದಾ?

ಹಾಸನ: ಸರ್, 2020ರ ಬಿಎಸ್6 ಡೀಸೆಲ್ ಎಸ್‌ಯುವಿ, ಸೆಕೆಂಡ್ ಹ್ಯಾಂಡ್, 82,000 ಕಿ.ಮೀ. ಆಗಿದೆ. ದಿನಾ ಓಡೋದು 4 ಕಿ.ಮೀ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಲೈಟ್ ಆಗಾಗ ಬರುತ್ತೆ. ಆಯಿಲ್ ಹಾಕಿಸಿ ಎರಡು ತಿಂಗಳು, ಆಗ ಸರಿಯಾಗಿತ್ತು. ಈಗ ಡಿಪ್‌ಸ್ಟಿಕ್‌ನಲ್ಲಿ (ಎಂಜಿನ್ ಆಯಿಲ್ ಅಳೆಯೋ ಕಡ್ಡಿ) ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿದೆ. ಗ್ಯಾರೇಜಿನವರು ‘ಜಾಸ್ತಿ ಹಾಕಿರಬೇಕು ಬಿಡಿ’ ಅಂತಾರೆ.

ಮೆಕ್ಯಾನಿಕ್: ಜಾಸ್ತಿ ಹಾಕಿದ್ದರೆ ಅವತ್ತೇ ಕಾಣ್ತಿತ್ತು. ಗಾಡಿ ನಿಲ್ಲಿಸಿ, ಅದು ಡೀಸೆಲ್. ಫಿಲ್ಟರಿನ ಮಸಿ ಸುಡೋಕೆ ಸುಮಾರು 600 ಡಿಗ್ರಿ ಬೇಕು. ಆ ಬಿಸಿಗಾಗಿ ಇಂಜೆಕ್ಟರ್ ಹೆಚ್ಚುವರಿ ಡೀಸೆಲ್ ಬಿಡುತ್ತೆ. 4 ಕಿ.ಮೀ.ಗೇ ಆಫ್ ಮಾಡಿದರೆ ಮಸಿ ಸುಡಲ್ಲ, ಡೀಸೆಲ್ ಮಾತ್ರ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತೆ. ತೆಳುವಾದ ಆಯಿಲಿಗೆ ಮೊದಲು ಟರ್ಬೊ ಬೇರಿಂಗ್ ಬಲಿ, ಆಮೇಲೆ ಕ್ರ್ಯಾಂಕ್ ಬೇರಿಂಗ್. ಇನ್ನೂ ಏರಿದರೆ ಬ್ರೀದರ್ (ಒಳಗಿನ ಆವಿಯನ್ನು ಎಂಜಿನ್ನಿನ ಗಾಳಿಗೆ ಸೇರಿಸೋ ಪೈಪ್) ದಾರಿಯಲ್ಲಿ ಎಂಜಿನ್ ಆ ಆಯಿಲನ್ನೇ ಕುಡಿದು ತಾನೇ ರೇಸ್ ಆಗುತ್ತೆ, ಕೀ ತೆಗೆದರೂ ನಿಲ್ಲಲ್ಲ. ಮ್ಯಾನುವಲ್ ಗೇರ್ ಗಾಡಿಯಾದರೆ ಬ್ರೇಕ್ ಒತ್ತಿಹಿಡಿದು, ಟಾಪ್ ಗೇರ್ ಹಾಕಿ, ಕ್ಲಚ್ ಬಿಡಬೇಕು.

ಪೇಪರ್ ಮೇಲೆ ಒಂದು ಹನಿ ಹಾಕಿ. ಸುತ್ತ ತಿಳಿ ಉಂಗುರ ಹರಡಿ ಡೀಸೆಲ್ ವಾಸನೆ ಬಂದರೆ ಅನುಮಾನವೇ ಬೇಡ. ಮೊದಲು ಆಯಿಲ್ ಇಳಿಸಿ ಆಯಿಲ್ ಫಿಲ್ಟರ್ ಸಮೇತ ಬದಲಿಸಿ, ಗಾಡಿಯ ಕೈಪಿಡಿಯಲ್ಲಿರೋ, ಸುಟ್ಟರೆ ಕಡಿಮೆ ಬೂದಿ ಬಿಡೋ ಗ್ರೇಡೇ ಇರಲಿ. ಆಮೇಲೆ ಸ್ಕ್ಯಾನರ್ ಹಾಕಿಸಿ ರೀಜನ್, ಅಂದರೆ ಮಸಿ ಸುಡೋ ಕೆಲಸ, ಮಾಡಿಸಿ. ಡಿಪಿಎಫ್ ಪ್ರೆಶರ್ ಸೆನ್ಸರಿನ ಎರಡು ರಬ್ಬರ್ ಪೈಪ್ ಸೀಳಿದೆಯಾ ನೋಡಿ, ಪೈಪ್ ಹೋದರೂ ತಪ್ಪು ರೀಡಿಂಗಿಗೆ ಪದೇ ಪದೇ ರೀಜನ್ ಆಗುತ್ತೆ. ಸ್ಕ್ಯಾನರಿನ ಇಂಜೆಕ್ಟರ್ ಕರೆಕ್ಷನ್‌ನಲ್ಲಿ (ಒಂದೊಂದು ಇಂಜೆಕ್ಟರಿನ ಡೀಸೆಲ್ ಎಷ್ಟು ಹೆಚ್ಚು-ಕಡಿಮೆ ಮಾಡ್ತಿದೆ ಅನ್ನೋ ನಂಬರ್) ಒಂದು ಮಾತ್ರ ಉಳಿದವಕ್ಕಿಂತ ದೂರ ಇದ್ದರೆ ಬಿಚ್ಚಿ ಟೆಸ್ಟ್ ಬೆಂಚಿಗೆ ಹಾಕಿಸಿ, ನಾಝಲ್ ತೊಟ್ಟಿಕ್ಕುತ್ತಿರಬಹುದು. ಹೊಸದು ಹಾಕಿದರೆ ಹೊಸ ತಾಮ್ರದ ವಾಷರ್, ಕೋಡಿಂಗ್ (ಅದರ ನಂಬರನ್ನು ಗಾಡಿಯ ಕಂಪ್ಯೂಟರಿಗೆ ಹಾಕೋದು) ಎರಡೂ ಬೇಕು. ಈಗಾದರೆ ಕಡಿಮೆ ಖರ್ಚಲ್ಲಿ ಮುಗಿಯುತ್ತೆ. ಎಂಜಿನ್ ಬಿಚ್ಚಿದರೆ ಲಕ್ಷ ದಾಟುತ್ತೆ.

ತುಮಕೂರು: ಇಷ್ಟೆಲ್ಲಾ ಯಾಕೆ? ಅರ್ಧ ಲೀಟರ್ ಸೀಮೆಎಣ್ಣೆ ಹಾಕಿ ಹತ್ತು ನಿಮಿಷ ಆನ್ ಮಾಡಿದರೆ ಒಳಗೆಲ್ಲ ಕ್ಲೀನ್. ವಾಟ್ಸಾಪಲ್ಲಿ ವಿಡಿಯೋ ಬಂದಿದೆ, ಕಳಿಸ್ಲಾ?

ಮೆಕ್ಯಾನಿಕ್: ಆಯಿಲಿಗೆ ಡೀಸೆಲ್ ಸೇರಿದ್ದೇ ರೋಗ ಸ್ವಾಮಿ, ನೀವು ಔಷಧಿ ಅಂತ ಸೀಮೆಎಣ್ಣೆ ಸುರೀತೀರಾ? ಕಳಿಸಬೇಡಿ.

ಶಿರಸಿ: ಸರ್, ಕ್ಲಚ್ ಒತ್ತಿದರೆ ಕರಕರ ಅನ್ನುತ್ತೆ.

ಮೆಕ್ಯಾನಿಕ್: ಒತ್ತಿದಾಗ ಬಂದರೆ ರಿಲೀಸ್ ಬೇರಿಂಗ್. ಒತ್ತಿದರೆ ನಿಂತರೆ ಗೇರ್‌ಬಾಕ್ಸ್ ಇನ್‌ಪುಟ್ ಬೇರಿಂಗ್.

ಬಳ್ಳಾರಿ: ಹಾಸನದ ಅಣ್ಣಾ, ಡಿಪಿಎಫ್ ಕಿತ್ತು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ರೀಮ್ಯಾಪ್ ಮಾಡಿಸಿಬಿಡಿ. ಪಿಕಪ್ಪೂ ಜಾಸ್ತಿ.

ಉಡುಪಿ: ಕಾನೂನು ಗೊತ್ತುಂಟಾ? ಮೋಟಾರು ವಾಹನ ಕಾಯ್ದೆ ಸೆಕ್ಷನ್ 52, ಗಾಡಿಯನ್ನು ಹೀಗೆಲ್ಲ ಮಾರ್ಪಡಿಸೋ ಹಾಗಿಲ್ಲ. ಎಫ್‌ಸಿಯಲ್ಲಿ (ಫಿಟ್‌ನೆಸ್ ತಪಾಸಣೆ) ಸಿಕ್ಕಿಬೀಳ್ತೀರಿ.

ಬಳ್ಳಾರಿ: ಯಾರು ಬಗ್ಗಿ ನೋಡ್ತಾರೆ? ಲಾರಿ ಹೊಗೆ ಕಾಣಲ್ವಾ ನಿಮಗೆ?

ಉಡುಪಿ: ಲಾರಿ ಹೊಗೆ ಬಿಟ್ಟರೆ ನೀವೂ ಬಿಡಬೇಕಾ? ನಿಮ್ಮ ಮಕ್ಕಳೇ ಕುಡಿಯೋದು ಅದನ್ನು.

ಬಳ್ಳಾರಿ: ಮಕ್ಕಳ ಸುದ್ದಿ ಬೇಡ, ಹೇಳಿದ್ದೀನಿ.

ಮೈಸೂರು: ಕ್ಲಚ್ ಒತ್ತಿದಾಗ ಸದ್ದು, ಏನಿರಬಹುದು ಸರ್?

ಮೆಕ್ಯಾನಿಕ್: ಮೇಲಿದೆ, ಓದಿ.

ತುಮಕೂರು: ನಮ್ಮ ಗಾಡಿಗೆ ಸೀಮೆಎಣ್ಣೆ ಹಾಕಿ ಏನೂ ಆಗಿಲ್ಲ.

ಮೆಕ್ಯಾನಿಕ್: ಆದಾಗ ಬನ್ನಿ. ಹಾಸನದವರೇ, ಆ ಪೇಪರಿನ ಫೋಟೋ ಹಾಕಿ, ಕರೆಕ್ಷನ್ ನಂಬರ್‌ಗಳನ್ನೂ ಹಾಕಿ. ಆಯಿಲ್ ಬದಲಿಸೋವರೆಗೆ ಸ್ಟಾರ್ಟ್ ಮಾಡಬೇಡಿ, ಟ್ರೈಲರಲ್ಲಿ ಒಯ್ಯಿರಿ.

ಶಿರಸಿ: ಸರ್, ಆ ಬೇರಿಂಗಿಗೆ ಎಷ್ಟಾಗುತ್ತೆ?