ವೇಪರ್ ಪ್ರೆಶರ್ ಅಳೆಯೋದು ಹೆಂಗ? ಎಸ್‌ಡಿಎಸ್‌ಗೆ ಬೇಕಾಗೇದ

ಬೀದರ್_ಕೆಮಿಸ್ಟ್
ನಮಸ್ಕಾರ್ರಿ ಎಲ್ಲರಿಗೂ. ನಮ್ಮಲ್ಲಿ ಒಂದು ಇಂಟರ್‌ಮೀಡಿಯೆಟ್ (ಬ್ಯಾರೆ ಕೆಮಿಕಲ್ ಮಾಡಾಕ ಬೇಕಾಗೋ ನಡುವಿನ ಮಾಲು) ಮಾಡ್ತೀವಿ, ಎಣ್ಣಿ ಹಂಗ ದಪ್ಪ ಲಿಕ್ವಿಡ್, ವಾಸನಿ ಅಷ್ಟೇನಿಲ್ಲ. ಎಸ್‌ಡಿಎಸ್ (ಸೇಫ್ಟಿ ಡೇಟಾ ಶೀಟ್) 9ನೇ ಸೆಕ್ಷನ್‌ದಾಗ ವೇಪರ್ ಪ್ರೆಶರ್, ಅಂದ್ರ ಮಾಲಿನ ಆವಿ ಒತ್ತಡ, ಖಾಲಿ ಅದ, ಕಸ್ಟಮರ್ ನಂಬರ್ ಬೇಕೇ ಬೇಕು ಅಂತ ಕುಂತಾರ. ವ್ಯಾಕ್ಯೂಮ್ ಪಂಪು, ಮಾನೋಮೀಟರ್ ಅದಾವ, ಅದರಾಗೇ ಮಾಡಿದ್ರ ನಡೀತದೇನ್ರಿ? ನಮ್ಮ ಮ್ಯಾನೇಜರ್ ಅಂತೂ ವಾಸನಿನೇ ಇಲ್ಲ, ನೆಗ್ಲಿಜಿಬಲ್ ಅಂತ ಬರದು ಕಳಸು ಅಂತಾರ.

ಸಾಲ್ವೆಂಟ್_ಸ್ವಾಮಿ
ಮಾನೋಮೀಟರಲ್ಲಿ ಕಷ್ಟ ಸರ್. ವೇಪರ್ ಪ್ರೆಶರ್ ಅಳೆಯೋಕೆ ಇರೋ ಓಇಸಿಡಿ 104 ಅನ್ನೋ ಅಂತರರಾಷ್ಟ್ರೀಯ ಟೆಸ್ಟ್ ಗೈಡ್‌ಲೈನ್ ತೆಗೆದು ನೋಡಿ, ಒಂದೊಂದು ಮೆಥಡ್‌ಗೂ ಒಂದೊಂದು ರೇಂಜ್ ಕೊಟ್ಟಿದ್ದಾರೆ, ಮಾನೋಮೀಟರ್ ಇಟ್ಟು ಅಳೆಯೋ ಸ್ಟ್ಯಾಟಿಕ್ ಮೆಥಡ್ ಕೆಳಗಡೆ 10 ಪಾಸ್ಕಲ್‌ವರೆಗೆ ಮಾತ್ರ, ಐಸೋಟೆನಿಸ್ಕೋಪ್ ಅನ್ನೋ ಗಾಜಿನ ಸಾಧನ ಆದ್ರೆ 100ಕ್ಕೇ ನಿಂತೋಗುತ್ತೆ. ದಪ್ಪ ಎಣ್ಣೆ ಅಂತೀರ, 1 ಪಾಸ್ಕಲ್‌ಗಿಂತ ಕಮ್ಮಿನೇ ಇರ್ಬೇಕು. ಅದಕ್ಕೆ ಗ್ಯಾಸ್ ಸ್ಯಾಚುರೇಶನ್ (ಗ್ಯಾಸ್ ಹಾಯಿಸಿ ಆವಿ ಹಿಡಿಯೋದು) ಅಥವಾ ನುಡ್ಸನ್ ಸೆಲ್ (ಸಣ್ಣ ತೂತಿಂದ ಆವಿ ಆಚೆ ಬಿಟ್ಟು ಅಳೆಯೋದು). ಬಾಯ್ಲಿಂಗ್ ಪಾಯಿಂಟ್ ಎಷ್ಟು?

ಬೀದರ್_ಕೆಮಿಸ್ಟ್
310 ಡಿಗ್ರಿ ಸುಮಾರು. ನುಡ್ಸನ್ ಗಿಡ್ಸನ್ ನಮ್ಮಲ್ಲಿಲ್ರಿ, ಜಿಸಿ (ಗ್ಯಾಸ್ ಕ್ರೊಮ್ಯಾಟೊಗ್ರಾಫ್, ಕೆಮಿಕಲ್ ಬ್ಯಾರೆ ಬ್ಯಾರೆ ಮಾಡಿ ಅಳೆಯೋ ಮಷೀನ್) ಅದ, ನೈಟ್ರೋಜನ್ ಲೈನ್ ಅದ.

ಸಾಲ್ವೆಂಟ್_ಸ್ವಾಮಿ
ಹಂಗಾದ್ರೆ ಆಯ್ತಲ್ಲ. ಗ್ಲಾಸ್ ಬೀಡ್ಸ್‌ಗೆ ಸ್ಯಾಂಪಲ್ ತೆಳ್ಳಗೆ ಸವರಿ ಕಾಲಮ್‌ಗೆ ತುಂಬಿ, ಟೆಂಪರೇಚರ್ ಅಲ್ಲಾಡದ ಹಾಗೆ ಇಟ್ಟು ನೈಟ್ರೋಜನ್ ನಿಧಾನಕ್ಕೆ ಬಿಡಿ, ಆಚೆ ಬಂದಿದ್ದನ್ನ ಟ್ರ್ಯಾಪ್‌ನಲ್ಲಿ ಹಿಡಿದು ಜಿಸಿಗೆ ಹಾಕಿ, ಎಷ್ಟು ಗ್ಯಾಸ್‌ಗೆ ಎಷ್ಟು ಮಾಲು ಬಂತು ಅಂತ ನೋಡಿ ಪ್ರೆಶರ್ ಲೆಕ್ಕ ಹಾಕಿ. ಫ್ಲೋ ರೇಟ್ ಬದಲಾಯಿಸಿ ಇನ್ನೊಂದ್ಸಲ ಮಾಡಿ, ಆಗ್ಲೂ ಅದೇ ನಂಬರ್ ಬಂದ್ರೆ ಮಾತ್ರ ಗ್ಯಾಸ್ ಪೂರ್ತಿ ಸ್ಯಾಚುರೇಟ್ ಆಗಿದೆ ಅಂತ ಲೆಕ್ಕ.

ಕ್ಯೂಸಿ_ಅಕ್ಕ
ಸ್ಯಾಂಪಲ್ ಪ್ಯೂರಿಟಿ ಬಗ್ಗೆ ಯಾರೂ ಕೇಳ್ಲೇ ಇಲ್ವಲ್ಲ! ಕೊನೇ ಸ್ಟೆಪ್‌ನಲ್ಲಿ ಸಾಲ್ವೆಂಟ್ ಆಗಿ ಟಾಲುವೀನ್ ಇದ್ಯಾ? 20 ಡಿಗ್ರಿಗೆ ಟಾಲುವೀನ್ ಸುಮಾರು 2900 ಪಾಸ್ಕಲ್, ಮೋಲ್ ಲೆಕ್ಕದಲ್ಲಿ 0.1% ಉಳಿದಿದ್ರೂ ರೌಲ್ಟ್ ನಿಯಮದ ಪ್ರಕಾರ (ಮೋಲ್ ಪಾಲು ಎಷ್ಟೋ ಪ್ರೆಶರ್ ಪಾಲೂ ಅಷ್ಟು) 3 ಪಾಸ್ಕಲ್ ಹತ್ರ ಅದೊಂದೇ ಕೊಡುತ್ತೆ, ಅಂದ್ರೆ ಮಾನೋಮೀಟರ್ ಇಟ್ಟಿದ್ರೆ ನೀವು ಅಳೀತಿದ್ದಿದ್ದು ಟಾಲುವೀನ್, ನಿಮ್ಮ ಮಾಲಲ್ಲ. ಗ್ಯಾಸ್ ಸ್ಯಾಚುರೇಶನ್‌ನಲ್ಲಿ ಜಿಸಿ ಪೀಕ್ ಬೇರೆ ಬೇರೆ ಬರೋದ್ರಿಂದ ಬಚಾವ್. ಆದ್ರೂ ಮೊದ್ಲು ವ್ಯಾಕ್ಯೂಮ್‌ನಲ್ಲಿ ಚೆನ್ನಾಗಿ ಸ್ಟ್ರಿಪ್ ಮಾಡಿ, ಉಳಿದ ಟಾಲುವೀನ್ ಹೋಗ್ಲಿ.

ಇನ್ನು ನಿಮ್ಮ ಮ್ಯಾನೇಜರ್ ವಿಷಯ, ಪಾದರಸಕ್ಕೂ ವಾಸನೆ ಇಲ್ಲ ಅಂತ ಹೇಳಿ ಅವರಿಗೆ. 20 ಡಿಗ್ರಿಗೆ ಅದರ ವೇಪರ್ ಪ್ರೆಶರ್ ಬರೀ 0.16 ಪಾಸ್ಕಲ್, ಆದ್ರೂ ಮುಚ್ಚಿದ ರೂಮಲ್ಲಿ ಗಾಳಿ ಸ್ಯಾಚುರೇಟ್ ಆದ್ರೆ ಕ್ಯೂಬಿಕ್ ಮೀಟರ್‌ಗೆ 13 ಮಿಲಿಗ್ರಾಂ ಆಗುತ್ತೆ, ಕೆಲಸದ ಜಾಗದ ಗಾಳಿಗೆ ಎಸಿಜಿಐಎಚ್ (ಅಮೆರಿಕದ ಇಂಡಸ್ಟ್ರಿಯಲ್ ಹೈಜಿನಿಸ್ಟ್‌ಗಳ ಸಂಸ್ಥೆ) ಹೇಳೋ ಲಿಮಿಟ್ 0.025, ಐನೂರು ಪಟ್ಟು! ನಿಮ್ಮ ಕೆಮಿಕಲ್ ಎಷ್ಟು ವಿಷ ಅಂತ ಗೊತ್ತಿಲ್ದೆ ನೆಗ್ಲಿಜಿಬಲ್ ಅಂತ ಬರೆಯೋಕೆ ಬರಲ್ಲ.

ಶೆಡ್_ನಂ_4
ಒಂದೇ ಟೆಂಪರೇಚರಲ್ಲಿ ಮಾಡಿ ಕೈ ತೊಳ್ಕೋಬೇಡಿ. 310 ಡಿಗ್ರಿಗೆ ಕುದಿಯೋ ಮಾಲು 20 ಡಿಗ್ರಿಯಲ್ಲಿ ಜಿಸಿಗೆ ಸಿಗೋಷ್ಟು ಬರೋಕೆ ದಿನಗಟ್ಟಲೆ ಗ್ಯಾಸ್ ಬಿಡಬೇಕಾಗಬಹುದು, ಅದಕ್ಕೆ 40, 50, 60ರಲ್ಲಿ ಮಾಡಿ, ಲಾಗ್ ಪಿ ವರ್ಸಸ್ 1/ಟಿ ಗ್ರಾಫ್ ಹಾಕಿ, ಕೆಲ್ವಿನ್‌ನಲ್ಲಿ ಮತ್ತೆ, ಗೆರೆ ನೇರ ಬಂದ್ರೆ 20ಕ್ಕೆ ಇಳಿಸ್ಕೊಳ್ಳಿ. ಬೇಸಿಗೇಲಿ ನಿಮ್ಮ ಕಡೆ ಗೋಡೌನ್ 40 ದಾಟುತ್ತಲ್ವಾ, ಅಲ್ಲಿ ಕೆಲಸ ಮಾಡೋರಿಗೆ ಬೇಕಾಗಿರೋದು ಆ ನಂಬರ್ರೇ, ಎರಡನ್ನೂ ಎಸ್‌ಡಿಎಸ್‌ಗೆ ಹಾಕಿ.

ಬೀದರ್_ಕೆಮಿಸ್ಟ್
ಟಾಲುವೀನ್ ಅದರಿ, ಕೊನೀ ಸ್ಟೆಪ್ಪೇ ಅದರಾಗ. ಸ್ಟ್ರಿಪ್ ಮಾಡಿ ಜಿಸಿ ಹಾಕಿ ನೋಡ್ತೀನಿ ಮೊದಲು. ರಿಪೋರ್ಟ್ ಜಿಎಲ್‌ಪಿ (ಗುಡ್ ಲ್ಯಾಬೊರೇಟರಿ ಪ್ರಾಕ್ಟೀಸ್) ಲ್ಯಾಬ್‌ದೇ ಬೇಕೇನ್ರಿ?

ಕ್ಯೂಸಿ_ಅಕ್ಕ
ಕಸ್ಟಮರ್ ಅದನ್ನ ಯುರೋಪ್ ರಿಜಿಸ್ಟ್ರೇಶನ್‌ಗೆ ಹಾಕ್ತಾರಾ ಅಂತ ಮೊದ್ಲು ಕೇಳಿ. ಬರೀ ಎಸ್‌ಡಿಎಸ್‌ಗೆ ಅಂದ್ರೆ ಮೆಥಡ್, ಟೆಂಪರೇಚರ್ ಬರೆದು ನಿಮ್ಮ ನಂಬರ್ ಕೊಡಬಹುದು.