ರೇರಾ ಏಜೆಂಟ್ ರಿನ್ಯೂವಲ್, ಅಡ್ರೆಸ್ ಬದಲಾಗಿದೆ, ಸಹಾಯ ಬೇಕು
ಎಲ್ರಿಗೂ ನಮಸ್ಕಾರ, ನಾನು ತುಮಕೂರಲ್ಲಿ ಸೈಟು, ಫ್ಲಾಟು ಕೊಡಿಸೋ ಕೆಲಸ ಮಾಡ್ತೀನಿ, 25,000 ಕಟ್ಟಿ ಮಾಡ್ಸಿದ್ದ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಏಜೆಂಟ್ ರಿಜಿಸ್ಟ್ರೇಷನ್ 5 ವರ್ಷದ್ದು ಈಗ ಮುಗೀತಾ ಬಂತು. ಮುಗಿಯೋಕೆ 3 ತಿಂಗಳು ಮುಂಚೆನೇ ರಿನ್ಯೂವಲ್‌ಗೆ ಹಾಕ್ಬೇಕು, ನನಗೆ ಉಳಿದಿರೋದೇ ನಾಲ್ಕು ತಿಂಗಳು. ತೊಂದ್ರೆ ಏನಂದ್ರೆ ಸರ್ಟಿಫಿಕೇಟಲ್ಲಿರೋದು ಹಳೇ ಅಂಗಡಿ ಅಡ್ರೆಸ್ಸು, ಅದನ್ನ ಓನರ್ ಖಾಲಿ ಮಾಡ್ಸಿದ್ರು, ಈಗ ಮನೆ ಮುಂದಿನ ರೂಮಲ್ಲೇ ಟೇಬಲ್ ಹಾಕ್ಕೊಂಡಿದೀನಿ, ಕರೆಂಟ್ ಬಿಲ್ ಅಪ್ಪನ ಹೆಸರಲ್ಲಿ ಬರುತ್ತೆ. ಅಡ್ರೆಸ್ ಮೊದ್ಲು ಬದಲಾಯಿಸ್ಬೇಕಾ ಇಲ್ಲ ರಿನ್ಯೂವಲ್ ಜೊತೆಗೇ ಆಗುತ್ತಾ? ಅಪ್ಪನ ಹತ್ರ ಎನ್‌ಓಸಿ ಬರೆಸಿದ್ರೆ ಸಾಕಾ, ಬಾಡಿಗೆ ಕರಾರೂ ಬೇಕಾ? ರೇರಾ ನಂಬರ್ ಇಲ್ದೆ ಒಂದಿನಾನೂ ಕೆಲಸ ಮಾಡಲ್ಲ ನಾನು, ದಿನಕ್ಕೆ 10,000 ದಂಡ ಅನ್ನೋದು ಹಾಗಿರ್ಲಿ, ನಂಬಿ ಬರೋ ಜನ ಮೊದ್ಲು ಕೇಳೋದೇ ಅದನ್ನ. ಇತ್ತೀಚೆಗೆ ಮಾಡ್ಸಿರೋರು ದಯವಿಟ್ಟು ತಿಳಿಸಿ.